ಒಂಟಿಗಾಲಿ ಸೈಕಲ್ಲಿಗೆ ಮೆತ್ತನೆ ಸೀಟು

...ಪೆಡಲ್ ತಾಗಿತು ಅಂತ ಮಾತ್ರ ಹೇಳ್ಬೇಡ. ಪೆಡಲ್ಲಿಗೆ ಹಲ್ಲಿದೆ ಕಣೇ ಶ್ಯಾಮಲಾ. ನೋಡಿಲ್ಲಿ, ಮುಟ್ಟಿ ನೋಡು. ಇದು ತಾಗಿದ್ರೆ ಚರ್ಮ ಪರಪರ ಅಂತ ಸೀಳ್ತಿತ್ತು. ನಿನ್ನ ಮೊಣಕಾಲ ಕೆಳಗೆ ಸೀಳಿದೆಯಲ್ಲ, ಹಾಗೆ. ಕಿವಿ ಮೇಲಿನ ಗಾಯ ಅಂಥದ್ದಲ್ಲ. ಅದು ಸೀಳಿದ್ದಲ್ಲ, ಒಡೆದದ್ದು. ನಿಮ್ಮಮ್ಮ ನಾನು ಹತ್ತಿದ ಹಾಗೆ ಕಾಲೇಜು ಮೆಟ್ಟಿಲು ಹತ್ತದೆ ಇರಬಹುದು, ಕಣ್ಣಿಲ್ವಾ ಅವರಿಗೆ? ನೋಡಿದ ತಕ್ಷಣ ಗೊತ್ತಾಗತ್ತೆ.

ಯಾಕೆ ಹಾಗೆ ನೋಡ್ತೀಯ? ಈ ದಬ್ಬಳನಾ? ನಿನಗೆ ಚುಚ್ಚೋಕಲ್ಲ ಬಿಡು. ಸೀಟು ಹೊಲಿಯೋಕೆ. ತಂಬಾಕಿನ ಬೇಲು ಹೊಲಿಯೋದು ಇದರಲ್ಲೇ. ಸಣ್ಣ ಸೂಜಿ ರೆಕ್ಸಿನ್ನಿಗೆ ತಡೆಯಲ್ಲ, ಎರಡು ಮುರಿದೆ ಆಗಲೇ. ಇದನ್ನ ಹೀಗೆ ಒತ್ತಿ ಚುಚ್ಚಬೇಕು, ತಿರುಪಬೇಕು, ಆ ಕಡೆಯಿಂದ ಹಲ್ಲಲ್ಲಿ ಕಚ್ಚಿ ಎಳೀಬೇಕು... ಹಾ. ಬಂತು. ರಕ್ತ ನನ್ನದೇ, ಬೆರಳಿಗೆ ಹೋಯ್ತು. ಹೋಗ್ಲಿ.

ನಿಮ್ಮಮ್ಮ ಪಿರಿಯಾಪಟ್ಟಣ ಬಿಟ್ಟಾಯ್ತಂತೆ. ಬಸ್ಸಲ್ಲಿ ಕೂತೇ ಫೋನ್ ಮಾಡಿದ್ರು. "ನನ್ನ ಮಗಳ ಮೈಮೇಲೆ ಯಾರಾದ್ರೂ ಕೈ ಮಾಡಿದ್ರೆ ಇವತ್ತೇ ಕರ್ಕೊಂಡು ಬತ್ತೀನಿ" ಅಂದ್ರು. ನನಗೇ ಅಂದ್ರು. ಈ ಸುನಂದಮ್ಮನ ಮುಖಕ್ಕೆ ಯಾರೂ ಇಷ್ಟು ವರ್ಷದಲ್ಲಿ ಅಂಥ ಮಾತು ಆಡಿರಲಿಲ್ಲ. ನಾನು ಸುಮ್ಮನೆ ಕೇಳಿಸ್ಕೊಂಡೆ. ಕೇಳಿಸ್ಕೊಂಡೆ ಅಂದ್ರೆ ನಿನಗೆ ಅರ್ಥ ಆಗ್ಬೇಕು.

ನೀನು ನಿನ್ನೆಯಿಂದ ಬಾಯೇ ಬಿಟ್ಟಿಲ್ಲ. ಡಾಕ್ಟರ ಹತ್ರ ಬಿಟ್ಟಿಲ್ಲ, ನಿನ್ನ ಗಂಡನ ಹತ್ರ ಬಿಟ್ಟಿಲ್ಲ. ಒಳ್ಳೇದೇ ಆಯ್ತು ಅಂದ್ಕೊಂಡೆ ಮೊದಲು. ಈಗ ಹಾಗನ್ನಿಸ್ತಿಲ್ಲ. ಏನಾದ್ರೂ ಬೈಯಿ. ಬೇಕಾದ್ರೆ ಆ ಲೋಟ ತೆಗೆದು ನನ್ನ ತಲೆಗೆ ಎಸಿ. ಹೀಗೆ ಗೋಡೆ ಹಾಗೆ ಕೂತಿರಬೇಡ.

ಇನ್ನೊಂದು ಸಲ ಹೇಳ್ತೀನಿ, ಕೇಳಿಸ್ಕೋ. ನಿನ್ನೆ ಸಂಜೆ ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಒಲೆ ನೋಡ್ಕೊಳ್ಳೋ ಸರದಿ ನಿನ್ನದು. ನೀನು ಬಿಳಿಕೆರೆ ಸ್ಕೂಲಲ್ಲಿ ಮಕ್ಕಳಿಗೆ ಆಟ ಕಲಿಸೋದು ಮುಗಿಸಿ ಬಂದೆ, ಕಾಫಿ ಕುಡಿದೆ, ಒಲೆ ಹತ್ರ ಹೋದೆ. ಸೌದೆ ತುಂಬಿಸಿಬಿಟ್ಟು ಈ ಒಂಟಿಗಾಲಿ ಸೈಕಲ್ ತಗೊಂಡು ಬ್ಯಾರನ್ ಹಿಂದುಗಡೆ ಗೋಡೆ ಹಿಡ್ಕೊಂಡು ಆಡ್ತಾ ಇದ್ದೆ. ಉರಿ ಏರಿತು. ಮೇಲಿನ ಸಾಲಿಂದ ಒಂದು ಕೋಲು ಜಾರಿ, ಅದಕ್ಕೆ ಕಟ್ಟಿದ್ದ ಒಣ ಸೊಪ್ಪೆಲ್ಲ ಕಾದ ಪೈಪಿನ ಮೇಲೆ ಬಿತ್ತು. ಹೊತ್ಕೊಂಡಿತು. ಕೆಲಸದ ಕಾಳಿ ಕೂಗಿದಳು. ಗಾಬರಿಯಲ್ಲಿ ನೀನು ಸೈಕಲ್ಲಿಂದ ಬಿದ್ದೆ, ತಲೆ ಒಡೀತು. ಅಷ್ಟೆ. ಇದರಲ್ಲಿ ನಿನ್ನ ನಾಲಿಗೆ ಮೇಲೆ ನಿಲ್ಲದ ಮಾತು ಯಾವುದಿದೆ?

ನಾನಾ? ನಾನು ಅಡುಗೆಮನೆಯಲ್ಲಿದ್ದೆ. ಹುರುಳಿಕಾಳು ಬೇಯಕ್ಕಿಟ್ಟಿದ್ದೆ.

ಹಾಗೆ ಹುಬ್ಬು ಎತ್ತಬೇಡ, ಹೊಲಿಗೆ ಬಿಚ್ಚಿಕೊಳ್ಳತ್ತೆ.

ಗೋಡೆಗೆ ತಲೆ ಬಡೀತು ಅಂದ್ರೆ ಹೇಗೆ? ಅದೂ ಸರಿಯಾಗಲ್ಲ. ಆ ಗೋಡೆ ಒರಟು. ಸವರಿಕೊಂಡು ಹೋದ್ರೆ ಅಂಗೈ ಸಿಪ್ಪೆ ಏಳತ್ತೆ. ಕೆನ್ನೆಯೆಲ್ಲ ಕೆತ್ತಿಹೋಗಬೇಕಿತ್ತು. ನಿನ್ನ ಕೆನ್ನೆ ನುಣ್ಣಗಿದೆ. ಬೇಡ. ಹುಣಸೆಮರದ ಬೇರು ಅನ್ನು. ಬೇರಿಗೆ ತಲೆ ಬಡೀತು. ಬೇರು ಮೊಂಡು, ನುಣುಪು. ಇದು ಕೂಡ್ಕೊಳ್ಳತ್ತೆ. ಬೇರು ಅಂತಲೇ ಇರಲಿ.

ನಾನು ಸುಳ್ಳು ಕಟ್ತಿದ್ದೀನಿ ಅಂತ ಅಲ್ವಾ ನೀನು ಯೋಚಿಸ್ತಿರೋದು? ಮನೆ ಉಳಿಸ್ತಿದ್ದೀನಿ. ನಿನ್ನದೂ ಸೇರಿಸಿ.

ಬೆಳಗ್ಗೆ ನಿನ್ನ ಗಂಡ ಮಚ್ಚು ಹಿಡ್ಕೊಂಡು ಜಗುಲಿಗೆ ಬಂದದ್ದು ನೋಡ್ದೆ ತಾನೆ? ಬಸವಪ್ರಸಾದ್ ಹುಟ್ಟಿದಾಗಿಂದ ನಾನು ಅವನ ಮುಖ ಹಾಗೆ ಕಂಡಿಲ್ಲ. "ಈ ದರಿದ್ರ ಸೈಕಲ್ ಕೊಚ್ಚಿ ಬಾವಿಗೆ ಹಾಕ್ತೀನಿ, ಆಮೇಲೆ ಅವಳಿಗೆ ಒಂದು ಗತಿ ಕಾಣಿಸ್ತೀನಿ" ಅಂತ. ಮಚ್ಚು ಬೀಸಿಯೂ ಬೀಸಿದ. ಕಂಬಕ್ಕೆ ಕಚ್ಕೊಂಡಿತು, ಗುರುತು ಇನ್ನೂ ಇದೆ ನೋಡು. ಮತ್ತೆ ಕಿತ್ತು ಎತ್ತಿದಾಗ ನಾನು ಅಡ್ಡ ನಿಂತೆ. ಸೈಕಲ್ಲಿನ ಮೇಲೆ ಬಿದ್ದು ಅಪ್ಪಿಕೊಂಡೆ ಅಂತಲೇ ಅನ್ನು. ಮೊದಲು ನನ್ನ ಕೊಚ್ಚು ಅಂದೆ. ಅವನು ಮಚ್ಚು ಬಿಸಾಕಿ ಹುಣಸೂರಿಗೆ ಹೋದ, ಬ್ಯಾರನ್ನಿಗೆ ತಗಡು ತರ್ತೀನಿ ಅಂತ. ಹೋಗುವಾಗ ಹೇಳಿಹೋದ: ನಾಳೆಯಿಂದ ಸ್ಕೂಲೂ ಇಲ್ಲ, ಸೈಕಲ್ಲೂ ಇಲ್ಲ, ಮನೇಲಿ ಬಿದ್ದಿರಲಿ ಅಂತ.

ಅದಕ್ಕೇ ಹೇಳ್ತಿರೋದು. ನೀನು ನಿಮ್ಮಮ್ಮನ ಮುಂದೆ ಹುಣಸೆಬೇರು ಅಂದುಬಿಡು. ಸ್ಕೂಲು ಬಿಡಿಸೋಕೆ ನಾನು ಬಿಡಲ್ಲ. ನಿನ್ನ ಸ್ಕೂಲಿನ ಹೆಣ್ಣುಮಕ್ಕಳಿಗೆ ನೀನು ಓಟ ಕಲಿಸು, ಕಬಡ್ಡಿ ಕಲಿಸು, ಒಂಟಿಗಾಲಿನೂ ಕಲಿಸು. ಪ್ರಸಾದನ ಬಾಯಿ ನಾನು ಮುಚ್ಚಿಸ್ತೀನಿ. ಮಾದಪ್ಪನಾಣೆ. ಇಷ್ಟು ಹೇಳೋ ಅತ್ತೆ ಯಾರ ಮನೇಲಿದ್ದಾಳೆ, ಹೇಳು.

ಆ ಟ್ಯೂಬ್ ಇತ್ತ ಕೊಡು. ಕೊಡಲ್ವಾ? ಸರಿ, ನಾನೇ ತಗೋತೀನಿ... ಅಮ್ಮಾ...

ಯಾಕೆ ನಗ್ತೀಯ?

ಕಂಬಳಿ ಮಡಿಸಿ ಅದರ ಮೇಲೆ ಕೂತಿದ್ದೀನಿ ಅಂತ ನಗುನಾ? ವಯಸ್ಸಾಯ್ತು ಕಣೇ, ನೆಲ ಒತ್ತತ್ತೆ. ನಿನ್ನೆ ನೀರು ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ. ಬೆಂಕಿ ಆರಿಸಿದ್ದು ಯಾರು, ನೀನಾ? ನೀನು ಅಲ್ಲಿ ತಲೆ ಹಿಡ್ಕೊಂಡು ಬಿದ್ದಿದ್ದೆ. ಬಾವಿಯಿಂದ ಬ್ಯಾರನ್ನಿಗೆ ಓಡಿದವಳು ನಾನು. ತಗಡು ಒಂದೊಂದೇ ಸಿಡಿದು ಹಾರ್ತಿತ್ತು, ತಲೆ ಮೇಲೇ ಹಾರ್ತಿತ್ತು. ಸೊಪ್ಪು ಉರಿಯೋದು ನೋಡಿದ್ದೀಯ? ಅದು ಸೌದೆ ಹಾಗೆ ಉರಿಯಲ್ಲ. ಒಳಗೊಳಗೇ ಕೆಂಪಾಗಿ, ಬುಸ್ ಅಂತ ಒಂದೇ ಸಲ ಎದ್ದು ಬರತ್ತೆ, ಮನುಷ್ಯರ ಮೇಲೆ ನುಗ್ಗೋ ಹಾಗೆ. ಹೊಗೆ ಗಂಟಲಿಗೆ ಇಳಿದು ರಕ್ತ ಕೆಮ್ಮಿದೆ. ಅಡ್ಡತೊಲೆ ಮುರಿದು ಬಿತ್ತಲ್ಲ, ಒಂದು ಮಾರು ಈಚೆಗೆ ಬಿದ್ದಿದ್ರೆ ನನ್ನ ಹೆಣ ತೆಗೀಬೇಕಿತ್ತು.

ಆ ಗದ್ದಲದಲ್ಲೂ ಕಾಳಿಗೆ ಕಂಡದ್ದೇನು ಗೊತ್ತಾ? "ಅಮ್ಮೋರೇ, ಇದ್ಯಾಕವ್ವಾ ಸೀರೆನ ಗಂಡಸ್ರಂಗೆ ಕಚ್ಚೆ ಕಟ್ಟೀರಿ?" ಅಂತ. ಬ್ಯಾರನ್ ಉರೀತಿದೆ, ಇವಳಿಗೆ ನನ್ನ ಸೀರೆ. ಓಡೋಕೆ ಕಣೇ, ನೀರು ತರೋಕೆ ಅಂದೆ. "ಅಂಗಾ" ಅಂದಳು. ಆ 'ಅಂಗಾ' ನನಗೆ ಹಿಡಿಸಲಿಲ್ಲ. ಇನ್ನೊಂದು ಸಲ ಆ ಮಾತು ಎತ್ತಿದ್ರೆ ನಾಲಿಗೆ ಸೀಳ್ತೀನಿ ಅಂತ ಹೇಳಿದ್ದೀನಿ. ಎತ್ತಲ್ಲ.

ಈಗ ನೋಡು, ಇಲ್ಲಿ. ಇದು ಚಿಕ್ಕಮಕ್ಕಳ ಸೈಕಲ್ಲಿನ ಟ್ಯೂಬು. ಇದನ್ನ ಎರಡು ಮಡಿಕೆ ಮಾಡಿ ಸೀಟಿನ ಮೇಲೆ ಹೀಗೆ ಉದ್ದಕ್ಕೆ ಇಡೋದು. ಬಾಯಿ ಪಕ್ಕಕ್ಕೆ ಬರಬೇಕು, ಆಮೇಲೆ ಗಾಳಿ ಹೊಡೆಯೋಕೆ ಸಿಗಬೇಕಲ್ಲ. ಅದರ ಮೇಲೆ ಸೋಫಾದ ಸ್ಪಂಜು, ಮೇಲೆ ಈ ರೆಕ್ಸಿನ್ನು. ಗಾಳಿ ಜಾಸ್ತಿ ತುಂಬಬಾರದು. ತುಂಬಿದ್ರೆ ಚೆಂಡಿನ ಮೇಲೆ ಕೂತ ಹಾಗೆ, ಆ ಕಡೆ ಈ ಕಡೆ ಜಾರತ್ತೆ. ಕೂತಾಗ ಅರ್ಧ ಅಮುಕಬೇಕು, ಅಷ್ಟೆ. ಮುಂದಿನ ಮೂತಿ ಸ್ವಲ್ಪ ಮೇಲಕ್ಕೆ ಇದ್ರೆ ಒಳ್ಳೇದು, ಮುಂದಕ್ಕೆ ಜಾರಿ ಹೋಗಲ್ಲ.

ಹಳೇ ಸೀಟು ಸೀಟಾ ಅದು? ಹಲಗೆ. ಬೈಲಕುಪ್ಪೆಗೆ ಬಂದ ಯಾವನೋ ಪರದೇಶದವನು ಬಿಟ್ಟುಹೋದದ್ದು, ಅವನಿಗೇನು, ಕುದುರೆ ಹಾಗೆ ತೊಡೆ ಇದ್ದಿರಬೇಕು. ಹೊಸದಾಗಿ ಕೂತವರಿಗೆ ಪ್ರಾಣ ಹೋಗತ್ತೆ. ಎರಡೂ ಕೂರೋ ಮೂಳೆಗೆ ಸುತ್ತಿಗೆಯಲ್ಲಿ ಬಡಿದ ಹಾಗೆ. ಒಳತೊಡೆ ಉಜ್ಜಿ ಉಜ್ಜಿ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿ. ಹೊಸಬರು ಮಾಡೋ ತಪ್ಪೂ ಅದೇ. ನೋವಿಗೆ ಹೆದರಿ ಭಾರವೆಲ್ಲ ಕಾಲ ಮೇಲೆ ಹಾಕ್ತಾರೆ. ಕಾಲ ಮೇಲೆ ಭಾರ ಹಾಕಿದ್ರೆ ಗಾಲಿ ಕಿತ್ಕೊಂಡು ಓಡತ್ತೆ. ಭಾರವನ್ನ ಸೀಟಿಗೇ ಕೊಟ್ಟುಬಿಡಬೇಕು. ಸೊಂಟ ನೆಟ್ಟಗೆ, ಕಣ್ಣು ದೂರ, ಕೆಳಗೆ ನೋಡಲೇಬಾರದು. ಕೊಟ್ಟುಬಿಟ್ಟಾಗ... ಆಗ ನಾವು ತುಳೀತಿದ್ದೀವಿ ಅಂತಲೇ ಅನ್ನಿಸಲ್ಲ. ನೆಲವೇ ಹಿಂದಕ್ಕೆ ಜಾರ್ಕೊಂಡು ಹೋಗ್ತಿದೆ ಅನ್ನಿಸತ್ತೆ. ಎರಡೂ ಕೈ ತಾವಾಗೇ ಮೇಲೆ ಏಳ್ತವೆ...

ಅಂತ ನೀನೇ ಹೇಳ್ತಿದ್ದೆಯಲ್ಲ. ನೀನು ಹೇಳಿದ್ದನ್ನೇ ಹೇಳ್ತಿದ್ದೀನಿ. ನಿನ್ನ ಫೋನಿನಲ್ಲಿ ಆ ಹುಡುಗಿಯರು ಆಡೋದು ತೋರಿಸಿರಲಿಲ್ವಾ ನನಗೆ?

ಮತ್ತೆ ನಗ್ತೀಯ. ನಗೋದು ನಿಲ್ಲಿಸು ಶ್ಯಾಮಲಾ. ನಿನ್ನೆಯೂ ಹೀಗೇ ನಕ್ಕಿದ್ದಕ್ಕೆ...

ಏನಿಲ್ಲ.

ಹಳೇ ಹೊದಿಕೆ ಕಿತ್ತು ಹಾಕ್ಲಿಲ್ಲ. ಅದರ ಮೇಲೇ ಹೊಸದು ಹೊಲಿದೆ. ಮೂಲೆ ಬಿರಿದಿತ್ತು, ಎರಡು ಕೂದಲೂ ಅಂಟಿತ್ತು, ಒರೆಸಿದ್ದೀನಿ. ಈಗ ಏನೂ ಕಾಣಲ್ಲ. ಗಟ್ಟಿ ಹೊಲಿಗೆ. ಎತ್ತು ಎಳೆದ್ರೂ ಬಿಚ್ಚಲ್ಲ.

ಹೌದು, ಹೊಡೆದೆ. ಇಬ್ಬರೇ ಇದ್ದೀವಿ, ನಿನಗೆ ಗೊತ್ತಿರೋದನ್ನ ನಿನ್ನ ಹತ್ರ ಮುಚ್ಚಿಡೋಕೆ ನನಗೇನು ಹುಚ್ಚಾ? ಬ್ಯಾರನ್ ಉರೀತಿದ್ದಾಗ ಯಾವ ಅತ್ತೆ ಹೊಡೆಯಲ್ಲ? ನಮ್ಮತ್ತೆ ಆಗಿದ್ರೆ ನಿನ್ನ ಆ ಬೆಂಕಿಗೇ ತಳ್ತಿದ್ರು. ನನಗೆ ಮದುವೆಯಾದ ಹೊಸದರಲ್ಲಿ ಒಂದು ಸಲ ಹಾಲು ಉಕ್ಕಿತು ಅಂತ ಸೌಟಿನಿಂದ ಬೆನ್ನಿಗೆ ಬರೆ ಹಾಕಿದ್ರು. ಬಿ.ಎಸ್ಸಿ. ಓದಿದವಳು, ಬೆನ್ನು ಕೊಟ್ಟು ನಿಂತಿದ್ದೆ. ಅವತ್ತೇ ಅಂದ್ಕೊಂಡೆ, ಇನ್ನು ಈ ಮನೇಲಿ ನನ್ನ ಕೈಯಲ್ಲಿ ಒಂದು ಹಾಲೂ ಉಕ್ಕಬಾರದು, ಒಂದು ಸೊಪ್ಪೂ ಸೀಯಬಾರದು ಅಂತ. ಬ್ಯಾರನ್ ಹತ್ತಿಸಿದ ದಿನ, ಇಳಿಸಿದ ದಿನ, ಎಷ್ಟು ಕಾವು, ಮಳೆ ಬಂತಾ ಇಲ್ವಾ, ಎಲ್ಲ ಬರೆದಿಟ್ಟಿದ್ದೀನಿ. ಸುತ್ತ ಹಳ್ಳಿಯವರು ನನ್ನ ಕೇಳ್ಕೊಂಡು ಒಲೆ ಹತ್ತಿಸ್ತಾರೆ. ನನ್ನ ಬ್ಯಾರನ್ನಿಗೆ ಬೆಂಕಿ ಬಿದ್ದದ್ದು ನಿನ್ನೆಯೇ ಮೊದಲು. ಅದು ನನ್ನಿಂದ ಅಂತ ಜನ ಅನ್ನೋದನ್ನ ಕೇಳಿಸ್ಕೊಂಡು ಬದುಕೋಕೆ ನನ್ನಿಂದಾಗಲ್ಲ. ನಿನಗೆ ಆಗತ್ತೆ. ನೀನು ಚಿಕ್ಕವಳು. ಒಂದು ವರ್ಷ ಅಂತಾರೆ, ಮರೀತಾರೆ.

ನಿನ್ನಿಂದ ಅಂದೆನಾ, ನನ್ನಿಂದ ಅಂದೆನಾ? ನಿನ್ನಿಂದ. ಒಲೆ ಬಿಟ್ಟು ಹೋದವಳು ನೀನು. ಹಾಗೆ ನೋಡಬೇಡ ಅಂತ ಹೇಳ್ಲಿಲ್ವಾ...

ಮುಗೀತು. ಸ್ಪ್ಯಾನರ್ ಎಲ್ಲಿ? ಇಲ್ಲೇ ಇದೆ. ಸೀಟಿನ ಕಂಬ ಇದರೊಳಗೆ ಇಳಿಸಿ, ಗುರುತಿಗೆ ಸರಿಯಾಗಿ ಬಿಗಿದುಬಿಟ್ರೆ ಆಯ್ತು. ಗುರುತು ಹಾಕದೆ ನಾನು ಯಾವ ಕೆಲಸಾನೂ ಮಾಡಲ್ಲ, ನಿನಗೆ ಗೊತ್ತು. ಮೊಳೆಯಲ್ಲಿ ಗೆರೆ ಕೊರೆದಿದ್ದೀನಿ. ಪ್ರತಿ ಸಲ ಅಳೆಯೋದು ಯಾರು? ನೀನೇ ಹೇಳಿಕೊಟ್ಟಿದ್ದು: ಹತ್ತೋರು ಪಕ್ಕದಲ್ಲಿ ನಿಂತ್ರೆ ಸೀಟು ಅವರ ಹೊಕ್ಕುಳಕ್ಕೆ ಬರಬೇಕು. ಕೆಳಗಿದ್ರೆ ಮಂಡಿ ನೋವು, ಕುಕ್ಕರುಗಾಲಲ್ಲಿ ತುಳಿದ ಹಾಗೆ. ಮೇಲಿದ್ರೆ ಕಾಲೇ ಎಟುಕಲ್ಲ. ಹಾಂ, ಗೆರೆಗೆ ಬಂತು. ಬಿಗೀತೀನಿ. ಇನ್ನೊಂದು ಸುತ್ತು... ಇನ್ನೊಂದು... ಆಯ್ತು. ಅಮುಕಿ ನೋಡು. ಹೇಗಿದೆ? ಹೆಣ್ಣುಕರುವಿನ ಬೆನ್ನು ಮುಟ್ಟಿದ ಹಾಗಿಲ್ವಾ?

ಆಟೋ ಸದ್ದು. ಬಂದ್ರು. ಸೆರಗು ಸರಿ ಮಾಡ್ಕೋ. ಹುಣಸೆಬೇರು. ನೆನಪಿದೆ ತಾನೆ? ಹುಣಸೆಬೇರು.

ಬನ್ನಿ ಮಹದೇವಮ್ಮನೋರೇ, ಬನ್ನಿ. ಕಾಲು ತೊಳ್ಕೊಳ್ಳಿ, ಚೊಂಬಲ್ಲಿ ನೀರಿದೆ. ಬಸ್ಸಲ್ಲಿ ಜಾಗ ಸಿಕ್ತಾ? ...ಸರಿ, ಮೊದಲು ಮಗಳನ್ನೇ ನೋಡಿ. ಗಾಯ ಅಂಥ ದೊಡ್ಡದಲ್ಲ. ನಾಲ್ಕು ಹೊಲಿಗೆ ಹಾಕಿದ್ದಾರೆ, ಹೆದರೋದು ಬೇಡ ಅಂದ್ರು ಡಾಕ್ಟರು. ನಾನು ಪಕ್ಕದಲ್ಲೇ ಇದ್ದೆ. ಬೆಳಗ್ಗೆಯಿಂದ ಇವಳನ್ನ ಬಿಟ್ಟು ಎದ್ದಿಲ್ಲ.

ಬಿದ್ದಳು. ಸೈಕಲ್ಲಿಂದ. ಹುಣಸೆಮರದ ಬೇರಿಗೆ ತಲೆ ಬಡೀತು.

ಅವಳ ಬಾಯಿಂದಲೇ ಕೇಳ್ಬೇಕಾ? ಕೇಳಿ. ಅವಳೇನು ಮೂಕಿಯಾ? ಹೇಳಮ್ಮ ಶ್ಯಾಮಲಾ. ನಿಮ್ಮಮ್ಮ ಅಷ್ಟು ದೂರದಿಂದ ಬಂದಿದ್ದಾರೆ, ಹೇಳು.

...ಹೇಳು.

ಕಿವಿ ಗುಂಯ್ ಅಂತಿರಬೇಕು ಅವಳಿಗೆ. ನಿನ್ನೆಯಿಂದ ಹೀಗೇ. ನೀವು ಹಾಗೆ ನನ್ನ ಮಗನ ಮೇಲೆ ಅನುಮಾನ ಪಡಬೇಡಿ. ಪ್ರಸಾದ ನಿನ್ನೆ ಊರಲ್ಲೇ ಇರಲಿಲ್ಲ, ಬೇಕಾದ್ರೆ ಯಾರನ್ನಾದ್ರೂ ಕೇಳಿ. ಅವನು ಇವಳನ್ನ ಒಂದು ಬೆರಳು ಮುಟ್ಟಿಲ್ಲ. ಯಾವ ದೇವರ ಮುಂದೆ ಬೇಕಾದ್ರೂ ಹೇಳ್ತೀನಿ.

ಹೂಂ, ಅದೇ ಸೈಕಲ್ಲು. ನೋಡಿ, ಸೀಟು ನೋಡಿ. ನಾನೇ ಕೈಯಾರೆ ಮಾಡಿದ್ದು. ಟ್ಯೂಬು ಹಾಕಿ, ಸ್ಪಂಜು ಹಾಕಿ. ಹೊಸದಾಗಿ ಕಲಿಯೋರಿಗೆ ನೋವಾಗಬಾರದಲ್ಲ. ಕೈ ನೋಡಿ, ಎಷ್ಟು ಕಡೆ ಚುಚ್ಚಿದೆ. ಸೊಸೆ ತಲೆ ಒಡೆಯೋ ಅತ್ತೆ ಹೀಗೆ ಕೂತು ಸೀಟು ಹೊಲೀತಾಳಾ, ನೀವೇ ಹೇಳಿ.

ಶ್ಯಾಮಲಾ, ಕೂತ್ಕೋ. ಯಾಕೆ ಎದ್ದೆ? ತಲೆ ಸುತ್ತಿ ಬೀಳ್ತೀಯ. ಅದನ್ನ ಯಾಕೆ ಹಿಡ್ಕೊಂಡೆ... ಹತ್ತಬೇಡ. ಸುಮ್ಮನೆ ಪಕ್ಕದಲ್ಲಿ ನಿಂತ್ಕೊಂಡು ಏನು ಮಾಡ್ತೀಯ?

ಎತ್ತರಾನಾ? ಹೌದು, ಸ್ವಲ್ಪ ಎತ್ತರ ಆಯ್ತು ಅವಳಿಗೆ. ಪಕ್ಕೆಲುಬಿಗೆ ಬರ್ತಿದೆ. ಹೊಲಿಯೋಕೆ ಬಿಚ್ಚಿದ್ದೆ, ಜೋಡಿಸುವಾಗ ಹೆಚ್ಚುಕಡಿಮೆ ಆಗಿರತ್ತೆ. ಗೆರೆ... ಹಾಂ, ಎರಡು ಗೆರೆ ಇದೆ. ಕೆಳಗೊಂದು, ಮೇಲೊಂದು. ಮೇಲಿನದಕ್ಕೆ ಬಿಗಿದುಬಿಟ್ಟಿದ್ದೀನಿ. ಕೈ ತಾನಾಗೇ ಹೋಯ್ತು.

ಮೇಲಿನ ಗೆರೆ ಯಾರದ್ದು ಅಂದ್ರೆ? ಪ್ರಸಾದನಾ? ಅವನು ಇದನ್ನ ಮುಟ್ಟೋದೇ ಇಲ್ಲ... ಶ್ಯಾಮಲಾ, ನೀನಾದ್ರೂ ಹೇಳೇ. ನಾನೇ ಏರಿಸಿದ್ದೆ ಅತ್ತೆ ಅಂತ ಹೇಳು. ಏನಾದ್ರೂ ಹೇಳು.

ಅದನ್ನ ಇತ್ತ ತರಬೇಡ.

ತರಬೇಡ ಅಂದೆ. ನನ್ನ ಪಕ್ಕದಲ್ಲಿ ನಿಲ್ಲಿಸಬೇಡ ಅದನ್ನ.

...ಸರಿ. ನೋಡಿ ಮಹದೇವಮ್ಮನೋರೇ, ಕಣ್ತುಂಬ ನೋಡಿ. ಹೊಕ್ಕುಳಕ್ಕೆ ಬಂತು. ಅಳೆದ ಹಾಗೆ ಬಂತು.

ಒಲೆ ಸರದಿ ನನ್ನದು. ಇವಳು ಸ್ಕೂಲಿಂದ ಬಂದವಳು ಕಾಫಿಯೂ ಕುಡೀಲಿಲ್ಲ. ನಾನೇ ಕರೆದೆ, ಬಾರೇ, ಆಳುಗಳು ಹೊಲದಲ್ಲಿದ್ದಾರೆ, ಇವತ್ತು ಇನ್ನೊಂದು ಸಲ ನನ್ನ ಸೈಕಲ್ ಹತ್ತಿಸು ಅಂತ. ಕಚ್ಚೆ ಕಟ್ಟಿದೆ. ಇವಳು ಕೈ ಹಿಡಿದಳು, ನಾನು ಬ್ಯಾರನ್ ಗೋಡೆ ಹಿಡಿದೆ. ಗೋಡೆ ಬಿಸಿ ಏರ್ತಾ ಇತ್ತು. ಅಂಗೈಗೆ ಗೊತ್ತಾಗ್ತಾ ಇತ್ತು, ಇಷ್ಟು ವರ್ಷ ಒಲೆ ಕಾದ ಅಂಗೈ. ಒಂದು ಸುತ್ತು ಆದಮೇಲೆ ಒಲೆ ನೋಡೋಣ ಅಂದ್ಕೊಂಡೆ. ಆಮೇಲೆ ಇವಳಿಗೆ ಕೈ ಬಿಡು ಅಂದೆ. ಬಿಟ್ಟಳು. ಹುಣಸೆಮರದ ತನಕ ಹೋದೆ. ಯಾರೂ ಹಿಡೀಲಿಲ್ಲ, ಏನೂ ಹಿಡೀಲಿಲ್ಲ. ಒಬ್ಬಳೇ ಹೋದೆ.

ಇವಳು ನಕ್ಕಳು. ಸಂತೋಷಕ್ಕೆ, ಅದು ನನಗೂ ಗೊತ್ತು. ಚಪ್ಪಾಳೆ ತಟ್ಟಿ ನಗ್ತಾ ಇದ್ದಳು. ಅಷ್ಟರಲ್ಲಿ ಬೆನ್ನ ಹಿಂದೆ ಬುಸ್ ಅಂತು. ಕಾಳಿ ಕೂಗಿದಳು. ಹೊಲದಿಂದ ಎಲ್ಲ ಓಡಿ ಬರ್ತಿದ್ದಾರೆ, ನಾನು ಕಚ್ಚೆ ಕಟ್ಕೊಂಡು ಈ ಸೈಕಲ್ ಹಿಡ್ಕೊಂಡು ನಿಂತಿದ್ದೀನಿ. ಹಿಡ್ಕೋ ಇದನ್ನ, ನಿನ್ನ ಕೈಲಿ ಹಿಡ್ಕೋ ಅಂದೆ. ಇವಳು ಬೆಂಕಿ ನೋಡ್ತಾ ನಿಂತಳು. ಹಿಡೀಲಿಲ್ಲ. ಗಾಲಿ ನನ್ನ ಕೈಲಿತ್ತು, ಸೀಟು ಅವಳ ಕಡೆಗಿತ್ತು. ಪೂರ್ತಿ ಬೀಸಿದೆ. ಬಿದ್ದ ಮೇಲೆ ಅದನ್ನ ಅವಳ ಮೈಮೇಲೆ ಹಾಕಿ, ಕೊಡ ತಗೊಂಡು ಬಾವಿಗೆ ಓಡಿದೆ.

ಪ್ರಸಾದಂಗಾ? ...ನಾನೇ ಹೇಳ್ತೀನಿ. ತಗಡು ಇಳಿಸಲಿ.

ಬ್ಯಾಗು ಕಟ್ಟಿಟ್ಟಿದ್ದೆಯಾ? ಬಾಗಿಲ ಹಿಂದೆ. ನಾನು ಬೆಳಗ್ಗೆಯಿಂದ ಇಲ್ಲೇ ಕೂತಿದ್ದೆ, ನೋಡಲೇ ಇಲ್ಲ.

ನಿಲ್ಲು ಶ್ಯಾಮಲಾ, ಒಂದು ನಿಮಿಷ. ಆಟೋದವನು ಕಾಯ್ತಾನೆ. ಸೈಕಲ್ ಹೀಗೇ ತಗೊಂಡು ಹೋದ್ರೆ ನಿನಗೆ ಕಾಲು ಎಟುಕಲ್ಲ. ಸ್ಪ್ಯಾನರ್ ಅಲ್ಲಿದೆ, ಕೊಡು ಇತ್ತ. ಸೀಟು ಇಳಿಸಿಕೊಡ್ತೀನಿ.

ಕೆಳಗಿನ ಗೆರೆ ನಿನ್ನದು.